ಗುಂಡು ಮತ್ತು

ಆ ಗೋಡೆ ಇನ್ನೆರಡು ಮೊಳ ಉದ್ದವಿದ್ದಿದ್ದರೆ ಈ ಕತೆಗೆ ಕೆಲಸವೇ ಇರುತ್ತಿರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಕುಸ್ತಿ ಮಂದಿರದ ಮಾಲೀಕರು ಹೊಸ ಜೋಡಿಯೊಂದನ್ನು ರಿಂಗಿಗೆ ಇಳಿಸಿದರು. ಒಬ್ಬ ಬೇಕರಿಯಲ್ಲಿ ಹಿಟ್ಟು ನಾದುವ ಡೊಳ್ಳುಹೊಟ್ಟೆಯ ಆಸಾಮಿ. ಆಕಾರ ನೋಡಿ ಅವನಿಗೆ 'ಗುಂಡು' ಎಂದು ಹೆಸರಿಟ್ಟರು. ಇನ್ನೊಬ್ಬ ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬುವ ಸಣಕಲ. ಎಷ್ಟು ಬಡಿದರೂ ಎದ್ದು ನಿಲ್ಲುತ್ತಿದ್ದುದರಿಂದ ಅವನಿಗೆ 'ಕಲ್ಲು' ಎಂದಿಟ್ಟರು. ಇಬ್ಬರಿಗೂ ಒಂದೇ ಬಣ್ಣದ ಮುಖವಾಡ ಹೊಲಿಸಿದರು. ಗುಂಡು ಮತ್ತು ಕಲ್ಲು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ದೊಡ್ಡ ರಸ್ತೆಯ ಗೋಡೆಯ ಮೇಲೆ ಬರೆಯಲು ಪೇಂಟರನಿಗೆ ಹೇಳಿದರು.

ಪೇಂಟರನಿಗೆ ಅಕ್ಷರದ ಮೇಲೆ ಎಷ್ಟು ಪ್ರೀತಿಯೋ ಅಳತೆಯ ಮೇಲೆ ಅಷ್ಟೇ ಅಸಡ್ಡೆ. 'ಗುಂಡು' ಎಂದು ಆಳೆತ್ತರ ಬರೆದ. 'ಮತ್ತು' ಎಂದು ಅಷ್ಟೇ ಎತ್ತರ ಬರೆದ. ಕುಂಚ ಅದ್ದಿಕೊಂಡು ತಿರುಗಿದರೆ ಗೋಡೆ ಮುಗಿದಿತ್ತು. ಮೂಲೆಯಾಚೆ ಪಕ್ಕದ ಮನೆಯವರ ಗೋಡೆ, ಅದರ ಕೆಳಗೆ ಪಕ್ಕದ ಮನೆಯವರ ನಾಯಿ. ಪೇಂಟರ ಕುಂಚ ತೊಳೆದುಕೊಂಡು ಮನೆಗೆ ಹೋದ.

ಮಾರನೇ ದಿನದಿಂದ ಊರಿಗೆ ಗೊತ್ತಾದದ್ದು ಇಷ್ಟು: ಹೊಸ ಜೋಡಿಯಲ್ಲಿ ಒಬ್ಬನ ಹೆಸರು ಗುಂಡು, ಇನ್ನೊಬ್ಬನ ಹೆಸರು ಮತ್ತು. ಗುಂಡು ಎಂಬುದಕ್ಕೇ ಜನ ಬೇರೆ ಅರ್ಥ ಇಟ್ಟುಕೊಂಡಿದ್ದರು. ಅದರ ಪಕ್ಕದಲ್ಲಿ ಮತ್ತು ಕೂಡ ಬಂದು ಕೂತ ಮೇಲೆ ಕೇಳಬೇಕೆ? ಹೊಸ ಬಾರು ತೆರೆದಿದೆಯಂತೆ, ಎಲ್ಲಿ ಎಂದು ವಿಚಾರಿಸಿಕೊಂಡು ಬಂದವರೂ ಇದ್ದರು. ಹಾಲು ಬಿಟ್ಟು ಬೇರೇನನ್ನೂ ಕುಡಿದು ಗೊತ್ತಿಲ್ಲದ ನಮ್ಮ ಸಣಕಲ ಒಂದೇ ರಾತ್ರಿಯಲ್ಲಿ ಊರಿನ ಹೆಸರಾಂತ ಕುಡುಕನಾದ. ನಾವಾದರೂ ಅವನನ್ನು ಕಲ್ಲು ಎಂದೇ ಕರೆಯೋಣ. ಹಾಗೆ ಕರೆದವರು ಯಾರೂ ಇಲ್ಲ, ಪಾಪ.

ಇನ್ನು ಆ ಜೋಡಿಯ ಚರಿತ್ರೆ. ಅದನ್ನು ಹೇಳಲು ಹೆಚ್ಚು ಹೊತ್ತು ಬೇಡ, ಏಕೆಂದರೆ ಹದಿನೆಂಟು ವರ್ಷವೂ ಒಂದೇ ಪಂದ್ಯ. ಮೊದಲು ಕಲ್ಲು ರಿಂಗಿಗೆ ಇಳಿಯುತ್ತಿದ್ದ. ಎದುರಾಳಿಗಳು ಅವನನ್ನು ಎತ್ತಿ ಹಾಕುತ್ತಿದ್ದರು, ಮಡಚುತ್ತಿದ್ದರು, ಹಿಂಡುತ್ತಿದ್ದರು. ಗುಂಡು ಹಗ್ಗದಾಚೆ ಮೂಲೆಯಲ್ಲಿ ಕೈ ಚಾಚಿಕೊಂಡು ನಿಂತಿರುತ್ತಿದ್ದ. ಜೊತೆಗಾರ ಬಂದು ಅಂಗೈ ತಟ್ಟುವ ತನಕ ಒಳಗೆ ಬರುವಂತಿಲ್ಲ. ಜೋಡಿ ಕುಸ್ತಿಯ ನಿಯಮವೇ ಹಾಗೆ. ಕೊನೆಗೆ ಕಲ್ಲು ತೆವಳಿಕೊಂಡು ಹೋಗಿ ಆ ಅಂಗೈ ತಟ್ಟಿ ಅಂಗಾತ ಬಿದ್ದುಬಿಡುತ್ತಿದ್ದ. ಆಗ ಗುಂಡು ಈಗಷ್ಟೇ ಸ್ನಾನ ಮಾಡಿ ಬಂದವನ ಹಾಗೆ ಒಳಗೆ ಇಳಿದು, ಸಿಕ್ಕವನನ್ನು ಕೆಡವಿ, ಅವನ ಮೇಲೆ ಹೊಟ್ಟೆ ಊರಿ ಬೀಳುತ್ತಿದ್ದ. ರೆಫರಿ ಮೂರು ಎಣಿಸುತ್ತಿದ್ದ. ಜನ 'ಗುಂಡು! ಗುಂಡು!' ಎಂದು ಕುರ್ಚಿ ಹತ್ತಿ ಕುಣಿಯುತ್ತಿದ್ದರು. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತಿತ್ತು, ನಿಜ. ಆದರೆ ಅದು ಪೆಟ್ಟುಗಳಿಗೆ ಗೊತ್ತಿರುತ್ತಿರಲಿಲ್ಲ. ಪೆಟ್ಟು ತಿನ್ನುವವನು ಒಬ್ಬ, ಹೆಸರು ಹೊಡೆಯುವವನು ಇನ್ನೊಬ್ಬ.

ಈಗ ಇಬ್ಬರಿಗೂ ಮಂಡಿ ನೋವು ಬಂದಿತ್ತು. ಇವತ್ತು ಸಂಜೆ ಅವರ ಕೊನೆಯ ಪಂದ್ಯ. ಮಾಲೀಕರು ಉದಾರ ಮನಸ್ಸಿನಿಂದ, ಮಂದಿರದ ಮುಂಬಾಗಿಲ ಮೇಲೆ ಜೋಡಿಯ ಚರಿತ್ರೆ ಬರೆದ ದೊಡ್ಡ ಬೋರ್ಡು ಹಾಕಿಸುವುದೆಂದು ಸಾರಿದ್ದರು. ಹಾಕಿದ ಮೇಲೆ ತೆಗೆಯುವ ಮಾತಿಲ್ಲ.

"ರೀ, ಬೋರ್ಡು ಬರೆಯೋಕೆ ಶುರು ಮಾಡಿದಾರಂತೆ. ಏನು ಬರೀತಿದಾರೆ ಅಂತ ಒಂದ್ಸಲ ನೋಡ್ಕೊಂಡು ಬನ್ನಿ," ಎಂದಳು ಕಲ್ಲುವಿನ ಹೆಂಡತಿ, ಬೆಳಿಗ್ಗೆ ಮುಖವಾಡಕ್ಕೆ ಇಸ್ತ್ರಿ ಹಾಕುತ್ತ.

"ನನ್ನ ಹೆಸರೇ ಬರೀತಾರೆ ಬಿಡೆ. ಇನ್ಯಾರದ್ದು ಬರೀತಾರೆ?"

"ಗೋಡೆ ಮೇಲೂ ನಿಮ್ಮ ಹೆಸರೇ ಬರೀಬೇಕಿತ್ತು. ನಮ್ಮ ದೊಡ್ಡಮ್ಮನ ಮನೆಗೆ ಹೋದ್ರೆ ಇವತ್ತಿಗೂ ಕೆಮ್ಮಿನ ಔಷಧಿ ಬಾಟ್ಲೀನ ಬೀರುವಿನೊಳಗಿಟ್ಟು ಬೀಗ ಹಾಕ್ತಾರೆ. ಗಂಡನ ಜೊತೆ ತಲೆ ಎತ್ಕೊಂಡು ಒಂದು ಮದುವೆಗೆ ಹೋಗಿಲ್ಲ ನಾನು."

ಕಲ್ಲುವಿನ ಎದೆಯಲ್ಲಿ ಏನೋ ಚುರ್ ಎಂದಿತು. ರಿಂಗಿನಲ್ಲಿ ತಿಂದ ಯಾವ ಪೆಟ್ಟೂ ಅಷ್ಟು ನೋಯಿಸಿರಲಿಲ್ಲ. ಚೀಲಕ್ಕೆ ಮುಖವಾಡ, ಚಡ್ಡಿ, ಬೂಟು ತುಂಬಿಕೊಂಡು ಎದ್ದ.

"ಇವತ್ತು ಆ ಬೋರ್ಡ್ ಮೇಲೆ 'ಕಲ್ಲು' ಅಂತ ಬರೆದೇ ಇದ್ರೆ ನಾನು ರಿಂಗಿಗೆ ಇಳಿಯೋದೇ ಇಲ್ಲ!"

"ಇಳೀದೇ ಇದ್ರೆ ಅವರಿಗೇನೂ ನಷ್ಟ ಇಲ್ಲ," ಎಂದಳು ಹೆಂಡತಿ. "ಬರೆಸಿ, ಆಮೇಲೆ ಇಳೀರಿ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."

"ಬಾವ, ನಾನೂ ಬರ್ತೀನಿ, ಸಹಾಯಕ್ಕೆ," ಎಂದು ಅವಳ ತಮ್ಮ ಚಪ್ಪಲಿ ಮೆಟ್ಟಿದ. ಈ ಭಾಮೈದ ಸಹಾಯಕ್ಕೆ ನಿಂತ ಕೆಲಸ ಯಾವುದೂ ಈವರೆಗೆ ಪೂರ್ತಿಯಾಗಿರಲಿಲ್ಲ. ಆದರೆ ಬೇಡ ಅಂದರೂ ನಿಲ್ಲುವವನಲ್ಲ.

ಮಂದಿರದ ಮುಂದೆ ಏಣಿ ಹಾಕಿತ್ತು. ಮೇಲೆ ಅದೇ ಪೇಂಟರ, ಕೂದಲು ನರೆತಿತ್ತು ಅಷ್ಟೇ. ಬೋರ್ಡಿನ ಮೇಲ್ಭಾಗದ ತುಂಬ ಕೆಂಪು ಅಕ್ಷರದಲ್ಲಿ 'ಗುಂಡು ಮತ್ತು' ಎಂದು ಬರೆದು, ಕೊನೆಯಲ್ಲಿ ಉಳಿದ ಗೇಣು ಜಾಗದಲ್ಲಿ ಒಂದು ಹೂವು ಬಿಡಿಸುತ್ತಿದ್ದ.

"ಏನಪ್ಪಾ ಇದು?" ಕಲ್ಲು ಕೆಳಗಿಂದ ಕೂಗಿದ.

"ಓ, ಬನ್ನಿ ಅಣ್ಣ, ಬನ್ನಿ! ನಿಮ್ಮದೇ ನೋಡಿ. ಹೆಂಗಿದೆ?"

"ನನ್ನದೆಲ್ಲಿದೆ?"

"ಇಲ್ಲೇ ಇದೆಯಲ್ಲ, ಕಣ್ಣಿಗೆ ಹೊಡೆಯೋ ಹಾಗೆ. ಮತ್ತು!"

"ನನ್ನ ಹೆಸರು ಮತ್ತು ಅಲ್ವೋ ಮಾರಾಯ! ಕಲ್ಲು! ಗುಂಡು ಮತ್ತು ಕಲ್ಲು!"

ಪೇಂಟರ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು ನಿಜವಾಗಿಯೇ ಬೆರಗಾದ. "ಹೌದಾ? ಇಷ್ಟು ವರ್ಷ ನಾನು ನಿಮ್ಮ ಹೆಸರೇ ಮತ್ತು ಅಂದ್ಕೊಂಡಿದ್ದೆ. ನೀವಾದ್ರೂ ಒಂದು ಮಾತು ಹೇಳ್ಬಾರ್ದಾ?"

ತಾನೇ ಕಳೆದ ವಸ್ತುವನ್ನು ತಾನೇ ಮರೆತವನ ಹತ್ತಿರ ಜಗಳವಾಡಿ ಏನು ಫಲ? ಕಲ್ಲು ನೇರವಾಗಿ ಟಿಕೆಟ್ ಕೋಣೆಗೆ ನುಗ್ಗಿದ. ಮಾಲೀಕರು ಕಾಲು ಮೇಜಿನ ಮೇಲಿಟ್ಟು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ಏನಯ್ಯಾ ಮತ್ತು, ಬೆಳಿಗ್ಗೆ ಬೆಳಿಗ್ಗೆನೇ?"

"ಸಾರ್, ಅದೇ ವಿಷಯ. ಬೋರ್ಡ್ ಮೇಲೆ ಕಲ್ಲು ಅಂತ ಬರಬೇಕು. ಇಷ್ಟು ವರ್ಷ ಕೇಳಲಿಲ್ಲ. ಇವತ್ತು ಕೇಳ್ತಿದೀನಿ. ಬರೆಸದೆ ನಾನು ಇಲ್ಲಿಂದ ಕದಲಲ್ಲ."

ಮಾಲೀಕರು ಹೆಬ್ಬೆರಳಿನ ಉಗುರು ಮುಗಿಸಿ ತಲೆ ಎತ್ತಿದರು. "ನೋಡಪ್ಪಾ, ಬೋರ್ಡಿನ ಅಗಲ ಇರೋದೇ ಅಷ್ಟು. ಗುಂಡು ಒಪ್ಪಿದ್ರೆ ಏನು ಬೇಕಾದ್ರೂ ಬರೆಸ್ಕೋ. ಆಮೇಲೆ ಅವನು ಬೇಜಾರು ಮಾಡ್ಕೊಂಡ ಅಂತ ನನ್ನ ಹತ್ರ ಬರಬೇಡ. ಜನ ಬರೋ ಹೊತ್ತಿಗೆ ಬೋರ್ಡು ಮೇಲಿರಬೇಕು, ಅಷ್ಟೇ."

ಕಲ್ಲು ಬೇಕರಿಗೆ ಓಡಿದ. ಗುಂಡು ಮೊಣಕೈ ತನಕ ಹಿಟ್ಟಿನಲ್ಲಿ ಮುಳುಗಿದ್ದ. ಕಲ್ಲು ದಾರಿಯುದ್ದಕ್ಕೂ ಕಟುವಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಗುಂಡು ಅವನ್ನು ಆಡಲು ಅವಕಾಶವನ್ನೇ ಕೊಡಲಿಲ್ಲ.

"ಅಯ್ಯೋ, ಅದಕ್ಯಾಕೋ ಇಷ್ಟು ಏದುಸಿರು ಬಿಡ್ತೀಯಾ? ಬರೆಸ್ಕೋ! ನೀನು ನಾನು ಬೇರೆನೇನೋ? ನನ್ನದೆಲ್ಲ ನಿಂದು, ನಿಂದೆಲ್ಲ ನಂದು," ಎಂದು ಹಿಟ್ಟಿನ ಕೈಯಲ್ಲೇ ಅಪ್ಪಿಕೊಂಡ. ಗುಂಡು ಒಳ್ಳೆಯವನು. ಅವನ ತೊಂದರೆಯೇ ಅದು, ಬೈಯುವುದಕ್ಕೂ ಆಗುತ್ತಿರಲಿಲ್ಲ. "ಆ ಚೀಲ ಯಾಕೆ ಹೊತ್ಕೊಂಡು ತಿರುಗ್ತೀಯಾ? ಕೊಡಿಲ್ಲಿ, ನಾನು ಮೊದಲೇ ಹೋಗ್ತೀನಲ್ಲ, ಒಳಗಿಟ್ಟಿರ್ತೀನಿ."

ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಕಲ್ಲು ಅಲ್ಲೇ ಮರೆತ. ಚೀಲ ಕೊಟ್ಟು, ಹೆಗಲ ಮೇಲಿನ ಹಿಟ್ಟು ಕೊಡವಿಕೊಂಡು ಮಂದಿರಕ್ಕೆ ವಾಪಸಾದ.

ಅಷ್ಟರಲ್ಲಿ ಭಾಮೈದ ಸಹಾಯ ಮಾಡಿ ಮುಗಿಸಿದ್ದ. ಎಂದರೆ, ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ 'ನಮ್ಮ ಬಾವನಿಗೆ ಅನ್ಯಾಯ ಆಗಿದೆ' ಎಂದು ಸಾರಿ ಏಣಿಯ ಸುತ್ತ ಒಂದು ಗುಂಪನ್ನೇ ಕೂಡಿಸಿದ್ದ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಹಾವಿನ ಬದಲು ಬೋರ್ಡಿತ್ತು.

"ಕಲ್ಲು ಅಂತ ಮೊದಲು ಬರೆದುಬಿಡಿ," ಎಂದ ಒಬ್ಬ.

"ಆಗ 'ಕಲ್ಲು ಮತ್ತು' ಅಂತ ಆಗುತ್ತೆ. ಗುಂಡು ಎಲ್ಲಿ ಹೋಗಬೇಕು?" ಎಂದ ಇನ್ನೊಬ್ಬ.

"ಅಕ್ಷರ ಸಣ್ಣ ಮಾಡಿ ಬರೀಪ್ಪ."

"ತಲೆಬರಹಕ್ಕೆ ಸಣ್ಣ ಅಕ್ಷರ ನನ್ನ ಕೈಗೆ ಬರಲ್ಲ," ಎಂದು ಪೇಂಟರ ಮೇಲಿನಿಂದ ಖಡಾಖಂಡಿತವಾಗಿ ಹೇಳಿದ.

ಆಗ ಗುಂಪನ್ನು ಸೀಳಿಕೊಂಡು ವ್ಯಾಕರಣದ ಮೇಷ್ಟ್ರು ಬಂದರು. ಕಲ್ಲುವಿನ ಮನೆಯ ಮೇಲಿನ ಮಹಡಿಯಲ್ಲಿ ಅವರ ವಾಸ. ನಿವೃತ್ತರಾದ ಮೇಲೆ ತಿದ್ದಲು ಮಕ್ಕಳು ಸಿಗದೆ, ಹಾಲಿನ ಪ್ಯಾಕೆಟ್ಟು, ಬಸ್ಸಿನ ಫಲಕ, ನೆರೆಹೊರೆಯವರ ಮಾತು ಎಲ್ಲವನ್ನೂ ತಿದ್ದಿಕೊಂಡಿದ್ದರು.

"ಸಮಸ್ಯೆ ಏನು ಅಂತ ಯಾರಿಗೂ ಅರ್ಥ ಆಗಿಲ್ಲ," ಎಂದರು ಕನ್ನಡಕ ಏರಿಸಿ. "ಜಾಗ ತಿಂತಿರೋದು ಗುಂಡು ಅಲ್ಲ, ಕಲ್ಲು ಅಲ್ಲ. ಮಧ್ಯದಲ್ಲಿರೋ 'ಮತ್ತು'. ಅದು ಬರೀ ಅವ್ಯಯ ಕಣ್ರಯ್ಯ! ಎರಡು ಪದ ಜೋಡಿಸೋದು ಬಿಟ್ಟು ಬೇರೆ ಕೆಲಸ ಇಲ್ಲ. ಗಿಡ ಮತ್ತು ಮರ ಅಂತೀವಾ? ಗಿಡಮರ ಅಂತೀವಿ. ಕೈ ಮತ್ತು ಕಾಲು ತೊಳ್ಕೊಂಡು ಬಾ ಅಂತೀವಾ? ಕೈಕಾಲು ಅಂತೀವಿ. ದ್ವಂದ್ವ ಸಮಾಸ! ಮತ್ತು ತೆಗೆದು ಹಾಕಿ. ಎರಡನ್ನೂ ಕೂಡಿಸಿ ಬರೀರಿ. ಇಬ್ಬರಿಗೂ ಸಮಪಾಲು."

ಗುಂಪಿನಲ್ಲಿ ಚಪ್ಪಾಳೆ ಬಿತ್ತು. ಕಲ್ಲುವಂತೂ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. ಮತ್ತು ತೆಗೆದು ಹಾಕಿ! ಇಷ್ಟು ವರ್ಷ ಅವನು ಕಾದಿದ್ದು ಈ ಒಂದು ವಾಕ್ಯಕ್ಕೆ.

"ಮೇಷ್ಟ್ರೇ, ನೀವು ಮನುಷ್ಯರಲ್ಲ!"

"ಅದೂ ತಪ್ಪು ಪ್ರಯೋಗವೇ. ಇರಲಿ," ಎಂದರು ಮೇಷ್ಟ್ರು.

ಪೇಂಟರ ತನ್ನಲ್ಲಿ ಉಳಿದಿದ್ದ ಚೂರು ಥಿನ್ನರಿನಲ್ಲಿ ಬಟ್ಟೆ ಅದ್ದಿ 'ಮತ್ತು' ಒರೆಸಿದ. ಆ ಎರಡಕ್ಷರ ಕರಗಿ ಕೆಂಪು ನೀರಾಗಿ ಇಳಿದು ಹೋಗುವುದನ್ನು ನೋಡುತ್ತ ಕಲ್ಲುವಿಗೆ ಜೀವ ಹಗುರಾಯಿತು. ಅದೇ ಜಾಗದಲ್ಲಿ, ಗುಂಡುವಿಗೆ ಒತ್ತಿಕೊಂಡು, ಅಷ್ಟೇ ಎತ್ತರದಲ್ಲಿ 'ಕಲ್ಲು' ಬಂದು ಕೂತಿತು. ಗುಂಡುಕಲ್ಲು.

"ಇನ್ನು ಕೊನೆಗೆ 'ಗಳು' ಸೇರಿಸಪ್ಪ," ಎಂದರು ಮೇಷ್ಟ್ರು. "ಇಬ್ಬರಿದಾರೆ, ಬಹುವಚನ ಬೇಕು. ಗುಂಡುಕಲ್ಲುಗಳು."

ಪೇಂಟರ ಬೋರ್ಡಿನ ಅಂಚಿಗೆ ಬೆರಳಿಟ್ಟು ಅಳೆದ. "ಜಾಗ ಇಲ್ಲ ಮೇಷ್ಟ್ರೇ. ಹೂವು ಬೇರೆ ಇದೆ."

"ಹೂವು ಅಳಿಸು."

"ಹೂವು ಅಳಿಸಲ್ಲ."

"ಮೇಷ್ಟ್ರೇ, ಗಳು ಹೋದ್ರೆ ಹೋಗ್ಲಿ ಬಿಡಿ!" ಎಂದ ಕಲ್ಲು. ಸಿಕ್ಕ ಸಂತೋಷಕ್ಕೆ ದೃಷ್ಟಿ ತಗಲಿಸಿಕೊಳ್ಳುವುದು ಬೇಡವೆನಿಸಿತ್ತು ಅವನಿಗೆ.

ಮೇಷ್ಟ್ರು ಸ್ವಲ್ಪ ಯೋಚಿಸಿ ಒಪ್ಪಿದರು. "ಆಗಲಿ. ಕೆಳಗೆ ಚರಿತ್ರೆ ಬರೆಯುವಾಗ ಕ್ರಿಯಾಪದದಲ್ಲಿ ಬಹುವಚನ ತಂದರಾಯ್ತು." ಅಲ್ಲಿಯೇ ನಿಂತು ಹೇಳಿ ಬರೆಸಿದರು: 'ಗುಂಡುಕಲ್ಲು ಅವರು ಹದಿನೆಂಟು ವರ್ಷ ಈ ಮಂದಿರದಲ್ಲಿ ಕಾದಾಡಿದರು. ಎಂಥ ಪೆಟ್ಟಿಗೂ ಅಂಜಲಿಲ್ಲ. ಜನರ ಮನಸ್ಸು ಗೆದ್ದರು.' ಇವತ್ತಿನ ಪಂದ್ಯದ ಫಲಿತಾಂಶಕ್ಕೆಂದು ಕೊನೆಯ ಸಾಲನ್ನು ಮಾಲೀಕರು ಖಾಲಿ ಬಿಡಿಸಿದರು.

ಸಂಜೆಯಾದರೂ ಕಲ್ಲು ಏಣಿಯ ಬುಡ ಹಿಡಿದು ತಲೆ ಎತ್ತಿ ಓದುತ್ತಲೇ ಇದ್ದ. "ಬಾವ, ಇಲ್ಲಿಂದ ನೋಡಿ, ಇನ್ನೂ ಚೆನ್ನಾಗಿ ಕಾಣುತ್ತೆ!" ಎಂದು ಭಾಮೈದ ಏಣಿಯನ್ನು ಪಕ್ಕಕ್ಕೆ ಎಳೆದ. ಪೇಂಟರ ಬೋರ್ಡು ತಬ್ಬಿಕೊಂಡು ಉಳಿದ. ಬಣ್ಣದ ಡಬ್ಬ ಉಳಿಯಲಿಲ್ಲ. ಕೆಂಪು ಬಣ್ಣವೆಲ್ಲ ಕಲ್ಲುವಿನ ತಲೆಯ ಮೇಲೆ ಅಭಿಷೇಕವಾಯಿತು.

ಸೋಪಿಗೆ ಅದು ಜಗ್ಗಲಿಲ್ಲ. ನೀರು ಹಾಕಿದಷ್ಟೂ ಇನ್ನಷ್ಟು ಹರಡಿತು. "ಬಾವ, ನೀವು ಅಲ್ಲಾಡ್ಬೇಡಿ, ನಾನಿದೀನಿ," ಎಂದು ಭಾಮೈದ ಓಡಿಹೋಗಿ ಬಣ್ಣದ ಅಂಗಡಿಯಿಂದ ಥಿನ್ನರ್ ತಂದ. ಮಂದಿರದ ಹಿಂದಿನ ನಲ್ಲಿಯ ಹತ್ತಿರ ಕೂರಿಸಿ, ತಲೆ, ಮುಖ, ಕತ್ತು, ಅಂಗಿ ಎನ್ನದೆ ಸುರಿದು ತಿಕ್ಕಿದ. ಬಣ್ಣ ಅರ್ಧ ಹೋಯಿತು. ಚರ್ಮವೂ ಅರ್ಧ ಹೋಗಿ ಉಳಿದದ್ದು ಇನ್ನೂ ಕೆಂಪಾಯಿತು. ಕಣ್ಣು ಉರಿದು ಕೆಂಡವಾದವು. ಥಿನ್ನರ್ ಘಾಟಿಗೆ ನೊಣಗಳು ಕೂಡ ದೂರ ಸರಿದವು. ಕಲ್ಲು ತೂರಾಡುತ್ತ ಎದ್ದು ನಿಲ್ಲುವ ಹೊತ್ತಿಗೆ ಒಳಗೆ ಮೊದಲ ಗಂಟೆ ಬಾರಿಸಿತ್ತು.

ಮುಖವಾಡ ಹಾಕಿದರೆ ಯಾವ ಕೆಂಪೂ ಕಾಣುವುದಿಲ್ಲ ಎಂದುಕೊಂಡು ಅವನು ಓಡಿದ. ಮುಂಬಾಗಿಲ ಹತ್ತಿರ ತಡವಾಗಿ ಬಂದ ಇಬ್ಬರು ಬೋರ್ಡು ನೋಡುತ್ತ ನಿಂತಿದ್ದರು.

"ಎಲ್ಲೋ, ಮತ್ತು ಕಾಣ್ತಾ ಇಲ್ಲ?"

"ತೆಗೆದು ಹಾಕಿದಾರೆ ಅನ್ಸುತ್ತೆ. ಕುಡುಕನ್ನ ಎಷ್ಟು ದಿನ ಅಂತ ಇಟ್ಕೋತಾರೆ? ಈಗ ಇವರೊಬ್ಬರೇ, ಗುಂಡುಕಲ್ಲು ಅವರು. ಒಳ್ಳೆ ಹೆಸರು. ಆಳೂ ಗುಂಡುಕಲ್ಲಿನ ಹಾಗೇ ಇದಾನೆ."

"ಚರಿತ್ರೇಲಿ ಎಷ್ಟು ಮರ್ಯಾದೆ ಕೊಟ್ಟು ಬರೆದಿದಾರೆ ನೋಡು. ಕಾದಾಡಿದರು, ಗೆದ್ದರು..."

ಕಲ್ಲುವಿನ ಕಾಲು ನೆಲಕ್ಕೆ ಅಂಟಿದವು. ಬೋರ್ಡನ್ನು ಮತ್ತೊಮ್ಮೆ ಓದಿದ. ಹೌದು. ಬೆಳಗಿನಿಂದ ಎಷ್ಟು ಸಲ ಓದಿದ್ದನೋ, ಹೀಗೆ ಓದಬಹುದೆಂದು ಹೊಳೆದೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಅವನು ಹಲ್ಲು ಕಚ್ಚಿದ. ರಿಂಗಿಗೆ ಇಳಿದರೆ ಆಯಿತಲ್ಲ! ಇಬ್ಬರು ನಿಂತರೆ ಇಬ್ಬರೆಂದು ಎಂಥ ಕುರುಡನಿಗೂ ಗೊತ್ತಾಗುತ್ತದೆ. ಹಿಂಬಾಗಿಲಿಗೆ ಓಡಿದ.

ಹಿಂಬಾಗಿಲಲ್ಲಿ ಹೊಸ ಕಾವಲುಗಾರ. ಕೊನೆಯ ಪಂದ್ಯಕ್ಕೆ ಜನ ನುಗ್ಗುತ್ತಾರೆಂದು ಮಾಲೀಕರು ಇವತ್ತೇ ತಂದು ನಿಲ್ಲಿಸಿದ್ದರು. ಬಾಗಿಲಿಗೆ ಬೇರೆ ಬಾಗಿಲು ಬೇಡ, ಅಷ್ಟು ಅಗಲವಿದ್ದ.

"ಯಾರು?"

"ಕಲ್ಲು. ಕುಸ್ತಿಯವನು. ದಾರಿ ಬಿಡಪ್ಪ, ಹೊತ್ತಾಗಿದೆ."

"ಯಾವ ಕಲ್ಲು?"

"ಗುಂಡುಕಲ್ಲು!"

"ಗುಂಡುಕಲ್ಲು ಅವರು ಆಗ್ಲೇ ಒಳಗೆ ಹೋದ್ರು. ನಾನೇ ಬಾಗಿಲು ತೆಗೆದಿದ್ದು."

"ಅದು ಗುಂಡು. ನಾನು ಕಲ್ಲು. ಗುಂಡುಕಲ್ಲಲ್ಲಿ ಅರ್ಧ ನಾನು!"

ಕಾವಲುಗಾರ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಕೆಂಪು ಮುಖ, ಕೆಂಡದ ಕಣ್ಣು, ನೆನೆದ ಅಂಗಿ. ಮೂಗು ಅರಳಿಸಿ ಒಮ್ಮೆ ಉಸಿರೆಳೆದು, ಒಂದು ಹೆಜ್ಜೆ ಹಿಂದೆ ಸರಿದ. "ಇನ್ನರ್ಧ ಯಾವ ಅಂಗಡೀಲಿ ಬಿಟ್ಟು ಬಂದೆ?"

ಅಷ್ಟರಲ್ಲಿ ಗಲಾಟೆ ಕೇಳಿ ಮೇಷ್ಟ್ರು ಒಳಗಿಂದ ಬಂದರು. "ಬಿಡಪ್ಪ ಅವನನ್ನ. ಅದು ದ್ವಂದ್ವ ಸಮಾಸ. ಎರಡು ಪದವೂ ಪ್ರಧಾನ."

"ಯಾವ ಸಮಾಸ ಆದ್ರೂ ಟಿಕೆಟ್ ಇಲ್ಲದೆ ಒಳಗೆ ಬಿಡಲ್ಲ ಸಾರ್."

"ಏ, ಇವರು ಯಾರು ಗೊತ್ತೇನೋ?" ಭಾಮೈದ ಹಿಂದಿನಿಂದ ಹಾರಿ ಬಂದ. "ಊರಿಗೇ ಗೊತ್ತು, ನಿನಗೆ ಗೊತ್ತಿಲ್ವಾ? ಬಾವ, ಹೇಳಿ ನೀವು ಯಾರು ಅಂತ. ಜನ ಕರೆಯೋ ಹೆಸರು ಹೇಳಿ! ಆಗ ಬಿಡ್ತಾನೆ."

ಒಳಗೆ ಮೈಕು ಗುಡುಗಿತು. ಗುಂಡುವಿನ ನರಳಾಟ ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ಗುಂಡು ಒಬ್ಬನೇ ರಿಂಗಿನಲ್ಲಿದ್ದ. ಪೆಟ್ಟು ತಿಂದು ಅಭ್ಯಾಸವೇ ಇಲ್ಲದವನು. ಕಲ್ಲು ಕಣ್ಣು ಮುಚ್ಚಿದ. ಸತ್ತರೂ ತನ್ನ ಬಾಯಿಂದ ಬರಬಾರದೆಂದುಕೊಂಡಿದ್ದ ಮಾತನ್ನು ನುಂಗಲಾರದೆ ಉಗುಳಲಾರದೆ ಕೊನೆಗೆ ಉಗುಳಿದ.

"ನಾನು... ನಾನು ಮತ್ತು."

"ಅದು ಆಗ್ಲೇ ವಾಸನೆ ಹೊಡೀತು," ಎಂದ ಕಾವಲುಗಾರ. "ಒಪ್ಕೊಂಡೆಯಲ್ಲ, ಸಂತೋಷ. ಮತ್ತಲ್ಲಿರೋರನ್ನ ಒಳಗೆ ಬಿಡಬಾರದು ಅಂತ ನನಗೆ ಆರ್ಡರ್ ಆಗಿದೆ."

ಇನ್ನೇನು ಕತ್ತು ಹಿಡಿಯಬೇಕು, ಅಷ್ಟರಲ್ಲಿ ಅವನ ಹಿಂದೆ ಬಾಗಿಲು ದಡಾರನೆ ತೆರೆಯಿತು. ಗುಂಡು! ಎದುರಾಳಿಗಳಾದ ಕಮ್ಮಾರ ಸೋದರರ ಪೆಟ್ಟು ತಾಳಲಾರದೆ ರಿಂಗು ಬಿಟ್ಟು ಓಡಿ ಬಂದಿದ್ದ. ಮುಖವಾಡ ತಿರುಚಿಕೊಂಡು ಕಣ್ಣಿನ ತೂತು ಕಿವಿಯ ಹತ್ತಿರ ಹೋಗಿತ್ತು. ಕುರುಡನ ಹಾಗೆ ಕೈ ಮುಂದೆ ಚಾಚಿಕೊಂಡು ಗಾಳಿಯಲ್ಲಿ ತಡಕುತ್ತಿದ್ದ.

"ಎಲ್ಲೋ ಇದೀಯಾ ಕಲ್ಲು? ತಟ್ಟೋ! ಬೇಗ ತಟ್ಟೋ!"

ಕಲ್ಲು! ಅವನ ಹೆಸರು ಹಿಡಿದು ಕರೆದಿದ್ದ! ಕಾವಲುಗಾರನ ಹೆಗಲ ಮೇಲಿಂದ ಕೈ ಚಾಚಿ ಕಲ್ಲು ಆ ಅಂಗೈಯನ್ನು ಪಟಾರನೆ ತಟ್ಟಿದ. ಆ ಸದ್ದು ಕಿವಿಗೆ ಬಿದ್ದದ್ದೇ, ಎಲ್ಲ ನೋವೂ ಮರೆತು ಕಾವಲುಗಾರನ ತೋಳಿನ ಕೆಳಗೆ ನುಸುಳಿ ರಿಂಗಿಗೆ ಹಾರಿದ. ಗುಂಡು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದು, ಹಗ್ಗದಾಚೆ ತನ್ನ ಮೂಲೆಯಲ್ಲಿ ನಿಂತು ಸುಧಾರಿಸಿಕೊಂಡ.

ಮುಖವಾಡವಿಲ್ಲದ, ಕೆಂಪು ಮುಖದ, ಘಾಟು ಹೊಡೆಯುವ ಮನುಷ್ಯನನ್ನು ಕಂಡು ಹಿರಿಯ ಕಮ್ಮಾರ ಮೂಗು ಮುಚ್ಚಿಕೊಂಡ. "ಯಾರಯ್ಯಾ ನೀನು?"

"ಕಲ್ಲು!" ಎಂದು ಕೂಗಿ ಕಲ್ಲು ಅವನ ಮೇಲೆ ಬಿದ್ದ. ಹದಿನೆಂಟು ವರ್ಷ ತಿಂದದ್ದನ್ನೆಲ್ಲ ಬಡ್ಡಿ ಸಮೇತ ತಿರುಗಿಸಿದ. ಹಿರಿಯ ಕಮ್ಮಾರ ಹಗ್ಗದ ಮೇಲಿಂದ ಉರುಳಿ ಮುಂದಿನ ಸಾಲಿನವರ ತೊಡೆಯ ಮೇಲೆ ಬಿದ್ದ. ಕಿರಿಯ ಕಮ್ಮಾರನ ತಲೆ ಮೂಲೆಯ ಕಂಬಕ್ಕೆ ಬಡಿದು, ಅವನು ಅಲ್ಲೇ ಕುಸಿದು ಕೂತ. ಮಂದಿರ ಎದ್ದು ನಿಂತಿತು. ಹೆಂಡತಿ ಮುಂದಿನ ಸಾಲಿನಲ್ಲಿ ಕುರ್ಚಿ ಹತ್ತಿ "ನನ್ನ ಗಂಡ! ನನ್ನ ಗಂಡ!" ಎಂದು ಕೂಗುತ್ತಿದ್ದುದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಕಿರಿಯ ಕಮ್ಮಾರನ ಮೇಲೆ ಒಂದು ಕೈ ಇಟ್ಟಿದ್ದರೆ ರೆಫರಿ ಮೂರು ಎಣಿಸುತ್ತಿದ್ದ, ಗೆಲುವು ಕಲ್ಲುವಿನದಾಗುತ್ತಿತ್ತು. ಆದರೆ ಮೈಗೆ ಬೇರೆ ಪಾಠವೇ ಗೊತ್ತಿರಲಿಲ್ಲ. ಸಂತೋಷದ ಭರದಲ್ಲಿ ಅವನು ಎಂದಿನಂತೆ ಮೂಲೆಗೆ ಓಡಿದ, ಎಂದಿನಂತೆ ಗುಂಡುವಿನ ಅಂಗೈ ತಟ್ಟಿದ, ಎಂದಿನಂತೆ ಅಂಗಾತ ಬಿದ್ದ. ಬಿದ್ದದ್ದು ಮಾತ್ರ ಮೂಲೆಯಲ್ಲಲ್ಲ, ತೂರಾಡಿಕೊಂಡು ಹೋಗಿ ರಿಂಗಿನ ನಡುವೆ.

ಗುಂಡು ಹಗ್ಗ ದಾಟಿ ಒಳಗೆ ಬಂದ. ಮುಖವಾಡ ಇನ್ನೂ ನೆಟ್ಟಗಾಗಿರಲಿಲ್ಲ. ಕಾಲಿಗೆ ಯಾರೋ ತಾಕಿದರು. ನಡುವೆ ಬಿದ್ದಿರುವವನು ಎದುರಾಳಿ. ಅವನ ಮೈಗೂ ಅಷ್ಟೇ ಗೊತ್ತಿತ್ತು. ಎರಡೂ ಕೈ ಅಗಲಿಸಿ, ಇಡೀ ಹೊಟ್ಟೆಯನ್ನು ಎತ್ತಿ, ದೊಪ್ಪನೆ ಬಿದ್ದ.

"ನಾನು ಕಣೋ! ಕಲ್ಲು ಕಣೋ!" ಎಂದು ಹೊಟ್ಟೆಯ ಕೆಳಗಿನಿಂದ ಬಂದ ಮಾತು ಹೊಟ್ಟೆಯಲ್ಲೇ ಉಳಿಯಿತು. ರೆಫರಿ ನೆಲ ಬಡಿದು ಎಣಿಸಿದ. ಎಣಿಸುವುದು ಅವನ ಕೆಲಸ, ಗುರುತು ಹಿಡಿಯುವುದಲ್ಲ.

"ಒಬ್ಬರೇ ಮೂರು ಜನರನ್ನ ಮಲಗಿಸಿದಾರೆ!" ಮೈಕು ಅರಚಿತು. "ಗುಂಡುಕಲ್ಲು ಅವರು!"

"ಗುಂಡುಕಲ್ಲು! ಗುಂಡುಕಲ್ಲು!" ಎಂದು ಜನ ಕುಣಿದರು. ಕಾವಲುಗಾರ ಬಂದು ಕಲ್ಲುವಿನ ಎರಡು ಕಾಲು ಹಿಡಿದ. ಇನ್ನಿಬ್ಬರು ಎರಡು ಕೈ ಹಿಡಿದರು. ಮುಂಬಾಗಿಲಿನಿಂದಲೇ ಹೊರಗೆ ತಂದು ಕೂರಿಸಿದರು.

ಅವನು ಉಸಿರು ಹಿಡಿದು ತಲೆ ಎತ್ತುವ ಹೊತ್ತಿಗೆ ಪೇಂಟರ ಏಣಿಯ ಮೇಲಿದ್ದ. ಮಾಲೀಕರು ಕೆಳಗೆ ನಿಂತು ಖಾಲಿ ಬಿಟ್ಟಿದ್ದ ಸಾಲಿಗೆ ಹೇಳಿ ಬರೆಸುತ್ತಿದ್ದರು. ಗುಂಡು ಜನರ ಹೆಗಲಿನ ಮೇಲಿಂದ ಇಳಿದು ಓಡಿ ಬಂದು ಕಾಲು ಹಿಡಿಯುವುದೊಂದು ಬಾಕಿ: "ಕಣ್ಣು ಕಾಣಲಿಲ್ಲ ಕಣೋ, ನಿನ್ನಾಣೆ!" ಹೆಂಡತಿ ಕರವಸ್ತ್ರ ತೆಗೆದು ಅವನ ಮುಖ ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಬೋರ್ಡು ಓದಿ ಅವಳ ಕೈ ನಿಂತಿತು.

'ಕೊನೆಯ ಪಂದ್ಯದಲ್ಲಿ ಎದುರಾಳಿಗಳಿಬ್ಬರನ್ನೂ, ಮತ್ತು ಏರಿ ನಡುವೆ ನುಗ್ಗಿದ ಅಪರಿಚಿತನೊಬ್ಬನನ್ನೂ ಒಬ್ಬರೇ ಸೋಲಿಸಿದರು.'

"ಸಾರ್!" ಕಲ್ಲು ಎದ್ದು ನಿಂತ. "ಅಪರಿಚಿತ ನಾನೇನು ಸಾರ್? ನಿಮಗೆ ಗೊತ್ತಲ್ಲ!"

"ನನಗೆ ಗೊತ್ತಪ್ಪ. ಆದ್ರೆ ಕೊನೆಗೆ ಎದ್ದು ನಿಂತದ್ದು ಗುಂಡು ಒಬ್ಬನೇ, ಜನ ನೋಡಿದ್ದು ಅಷ್ಟೇ. ಜನ ನೋಡಿದ್ದೇ ಚರಿತ್ರೆ," ಎಂದು ಮಾಲೀಕರು ಅವನ ಹೆಗಲು ತಟ್ಟಿ, ಕೈ ಮೂಸಿಕೊಂಡು ಒಳಗೆ ಹೋದರು.

ಕಲ್ಲು ಹೋಗಿ ಏಣಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಬಿಡುವ ಲಕ್ಷಣವಿರಲಿಲ್ಲ. "ಮೇಷ್ಟ್ರೇ, ಬನ್ನಿ ಇಲ್ಲಿ. ನೋಡಿ, ಆ 'ಮತ್ತು' ಮತ್ತೆ ಬಂದು ಕೂತಿದೆ. ಬೆಳಿಗ್ಗೆ ತೆಗೆಸಿದ ಹಾಗೇ ಅದನ್ನೂ ತೆಗೆಸಿಬಿಡಿ."

ಮೇಷ್ಟ್ರು ಕನ್ನಡಕ ಏರಿಸಿ ಸಾಲನ್ನು ಮೊದಲಿನಿಂದ ಕೊನೆಯ ತನಕ ಎರಡು ಸಲ ಓದಿದರು. ಆಮೇಲೆ ಬಹಳ ಮರುಕದಿಂದ ತಲೆ ಆಡಿಸಿದರು.

"ಬರಲ್ಲಪ್ಪ. ಬೆಳಿಗ್ಗೆ ತೆಗೆಸಿದ್ದು ಅವ್ಯಯ. ಇದು ನಾಮಪದ."